ಗುಂಡಿಗೂ ಬಾವಿಗೂ ನಡುವೆ: ಉಡುಪಿ ಜಿಲ್ಲೆಯ ನೈರ್ಮಲ್ಯ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದುಹೋಗುತ್ತದೆ. ಘಟ್ಟದ ಬುಡದಿಂದ ಕಡಲಿಗೆ ಇರುವ ದೂರ ಕಡಿಮೆ, ಇಳಿಜಾರು ಹೆಚ್ಚು. ಹೀಗಾಗಿ ಹೆಬ್ರಿ, ಕಾರ್ಕಳದ ಗುಡ್ಡಗಳಲ್ಲಿ ಬಿದ್ದ ನೀರು ತೋಡು ಹಿಡಿದು, ಹೊಳೆ ಸೇರಿ, ಬೈಲುಗಳನ್ನು ದಾಟಿ ಬಹುಬೇಗ ಸಮುದ್ರ ಮುಟ್ಟುತ್ತದೆ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಅದು ತನ್ನೊಂದಿಗೆ ಒಯ್ಯುತ್ತದೆ: ಮಣ್ಣು, ಗೊಬ್ಬರ, ಕಸ, ಮಲದ ಗುಂಡಿಯಿಂದ ಉಕ್ಕಿದ ಕೊಳಕು. ಈ ಜಿಲ್ಲೆಯ ಸಾರ್ವಜನಿಕ ಆರೋಗ್ಯದ ಬಗೆಗೆ ಏನನ್ನು ಹೇಳಹೊರಟರೂ ಮಾತು ನೀರಿನಿಂದಲೇ ಆರಂಭವಾಗಬೇಕು.

1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟಾಗ ಜಿಲ್ಲೆಯಲ್ಲಿದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರು ತಾಲೂಕುಗಳು. ಆಮೇಲೆ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಸೇರಿ ಏಳಾದವು. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 11,77,361; ಸಾಕ್ಷರತೆ ಶೇ. 86ಕ್ಕಿಂತ ಹೆಚ್ಚು. ಬಯಲು ಶೌಚದಿಂದ ಮುಕ್ತವೆಂದು ರಾಜ್ಯದಲ್ಲಿ ಮೊದಲಿಗೆ ಘೋಷಣೆಯಾದ ಜಿಲ್ಲೆಗಳ ಸಾಲಿನಲ್ಲಿ ಉಡುಪಿಯೂ ಇತ್ತು. ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಮನೆಮನೆಗೂ ಶೌಚಾಲಯವಿದೆ. ಆದರೂ ಪ್ರತಿ ಮಳೆಗಾಲದಲ್ಲಿ ವಾಂತಿ-ಭೇದಿ, ಕಾಮಾಲೆ, ಟೈಫಾಯ್ಡ್, ಇಲಿ ಜ್ವರ, ಡೆಂಗಿ ಮರಳಿ ಬರುತ್ತವೆ. ಶೌಚಾಲಯ ಕಟ್ಟುವ ಕೆಲಸ ಮುಗಿದರೂ ಅಲ್ಲಿಂದ ಹೊರಟದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಕೆಲಸ ಮುಗಿಯದಿರುವುದೇ ಇದಕ್ಕೆ ದೊಡ್ಡ ಕಾರಣ.

ಮುರಕಲ್ಲಿನ ನೆಲ

ಕರಾವಳಿಯ ಹಳೆಯ ಮನೆಗಳಲ್ಲಿ ಬಾವಿಯಿಲ್ಲದ ಮನೆ ಅಪರೂಪ. ಅಂಗಳದ ಒಂದು ಮೂಲೆಯಲ್ಲಿ, ಕೆಲವೆಡೆ ಅಡುಗೆಮನೆಗೇ ತಾಗಿಕೊಂಡು, ಕಲ್ಲು ಕಟ್ಟಿದ ತೆರೆದ ಬಾವಿ ಇರುತ್ತದೆ. ಮೇಲಿನ ಪದರ ಮುರಕಲ್ಲು; ಅದರಡಿ ಮೆತ್ತನೆಯ ಶೇಡಿ ಮಣ್ಣು; ಅದಕ್ಕೂ ಕೆಳಗೆ ಗಟ್ಟಿ ಕಲ್ಲು. ಮುರಕಲ್ಲಿನ ಮೈತುಂಬ ತೂತು, ಸೀಳು. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಬಾವಿಯ ನೀರು ಏರುವುದು ಈ ತೂತುಗಳ ದೆಸೆಯಿಂದ. ಆದರೆ ಮಳೆನೀರು ಇಳಿದ ದಾರಿಯಲ್ಲೇ ಕೊಳಕು ನೀರೂ ಇಳಿಯಬಲ್ಲದು. ಮಣ್ಣಿನ ದಪ್ಪ ಪದರವಿದ್ದರೆ ರೋಗಾಣುಗಳು ಅದರಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ಸೀಳುಗಳಿರುವ ಕಲ್ಲಿನಲ್ಲಿ ಅಂಥ ಸೋಸುವಿಕೆ ನಡೆಯುವುದು ಕಡಿಮೆ. ಬೇಸಗೆಯಲ್ಲಿ ನಿರಪಾಯವಾಗಿದ್ದ ಬಾವಿ ಜುಲೈ ಹೊತ್ತಿಗೆ ಕೆಡುವುದು ಹೀಗೆ.

ಶೌಚದ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ಅಂತರವಿರಬೇಕು ಎಂಬುದು ಆರೋಗ್ಯ ಇಲಾಖೆಯವರು ಸಾಮಾನ್ಯವಾಗಿ ಹೇಳುವ ಲೆಕ್ಕ. ಬಿರುಕುಗಳಿರುವ ನೆಲದಲ್ಲಿ ಅದಕ್ಕಿಂತ ಹೆಚ್ಚು ಬೇಕು. ಹತ್ತು ಸೆಂಟ್ಸ್, ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಈ ಅಂತರ ಹೊಂದಿಸುವುದು ಸುಲಭವಲ್ಲ. ತಮ್ಮ ಬಾವಿಯಿಂದ ದೂರ ಮಾಡಿದ ಗುಂಡಿ ಪಕ್ಕದ ಮನೆಯವರ ಬಾವಿಯ ಹತ್ತಿರಕ್ಕೆ ಹೋಗಿಬಿಡುತ್ತದೆ. ಗುಂಡಿ ಬಾವಿಗಿಂತ ಎತ್ತರದಲ್ಲಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ನೆಲದೊಳಗಿನ ನೀರೂ ಇಳಿಜಾರು ಹಿಡಿದೇ ಸಾಗುತ್ತದೆ. ಮನೆ ಕಟ್ಟುವಾಗ ವಾಸ್ತು ನೋಡುವ ಶ್ರದ್ಧೆಯಲ್ಲಿ ಒಂದು ಪಾಲನ್ನಾದರೂ ಈ ಇಳಿಜಾರು ನೋಡುವುದಕ್ಕೆ ಕೊಟ್ಟರೆ ಎಷ್ಟೋ ಮನೆಯ ಮಕ್ಕಳು ಮಳೆಗಾಲದಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗುವುದು ತಪ್ಪುತ್ತದೆ.

ಗ್ರಾಮೀಣ ಶೌಚಾಲಯಗಳಿಗೆ ಸರಕಾರ ಶಿಫಾರಸು ಮಾಡುವುದು ಜೋಡಿ ಗುಂಡಿಯ ಮಾದರಿಯನ್ನು. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ, ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯಲ್ಲಿರುವುದು ಒಂದೆರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಒಣ ಸೀಮೆಗೆ ಇದು ಒಳ್ಳೆಯ ಏರ್ಪಾಟು. ಕರಾವಳಿಯ ತಗ್ಗು ಬೈಲುಗಳಲ್ಲಿ ಮಾತ್ರ ಮಳೆಗಾಲದಲ್ಲಿ ನೆಲದ ನೀರು ಕೆಲವೇ ಅಡಿ ಕೆಳಗಿರುವುದರಿಂದ ಎರಡೂ ಗುಂಡಿಗಳು ನೀರು ತುಂಬಿ ನಿಲ್ಲುತ್ತವೆ. ಅಂಥ ಕಡೆ ನೆಲದ ಮಟ್ಟದಿಂದ ಎತ್ತರಿಸಿ ಕಟ್ಟಿದ ಗುಂಡಿ, ಇಲ್ಲವೇ ತಳವೂ ಗೋಡೆಯೂ ಸೋರದ ಸೆಪ್ಟಿಕ್ ಟ್ಯಾಂಕ್ ಬೇಕು. ತಳಕ್ಕೆ ಕಾಂಕ್ರೀಟ್ ಹಾಕದೆ, ಸುತ್ತ ಕಲ್ಲು ಜೋಡಿಸಿ ಮೇಲೆ ಸ್ಲ್ಯಾಬ್ ಮುಚ್ಚಿದ್ದನ್ನೂ ಜನ ಸೆಪ್ಟಿಕ್ ಟ್ಯಾಂಕ್ ಎಂದೇ ಕರೆಯುತ್ತಾರೆ. ಅದು ನಿಜವಾಗಿ ಇಂಗುಗುಂಡಿ.

ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕನ್ನೂ ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಹೆಚ್ಚಿನವರು ಅದು ಉಕ್ಕುವವರೆಗೆ ಕಾಯುತ್ತಾರೆ. ಸಕ್ಕಿಂಗ್ ಯಂತ್ರದ ಲಾರಿ ಬಂದು ಎಳೆದುಕೊಂಡು ಹೋದದ್ದು ಎಲ್ಲಿ ಸುರಿಯಲ್ಪಡುತ್ತದೆ ಎಂದು ಕೇಳುವವರು ಕಡಿಮೆ. ಈ ಕೆಸರನ್ನು ಸಂಸ್ಕರಿಸುವ ಘಟಕವೊಂದು 2015ರಲ್ಲಿ ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ ಆರಂಭವಾಯಿತು. ಇಡೀ ಪಟ್ಟಣಕ್ಕಾಗಿ ಕಟ್ಟಿದ ಇಂಥ ಘಟಕ ದೇಶದಲ್ಲೇ ಮೊದಲನೆಯದು. ಒಳಚರಂಡಿ ಇಲ್ಲದ ಹಳ್ಳಿಗಳೇ ಹೆಚ್ಚಿರುವ ಉಡುಪಿಯಂಥ ಜಿಲ್ಲೆಯಲ್ಲಿ ಪ್ರತಿ ತಾಲೂಕಿಗೂ ಹೀಗೊಂದು ಘಟಕ ತೀರಾ ಅಗತ್ಯ.

ಕಾಪು ತಾಲೂಕಿನ ಕಡಲಂಚಿನಲ್ಲಿ ನೆಲವೇ ಬೇರೆ. ಮಟ್ಟುವಿನ ಕಡೆ ಸಮುದ್ರಕ್ಕೂ ಉದ್ಯಾವರ ಹೊಳೆಗೂ ನಡುವೆ ಇರುವುದು ಮರಳಿನ ಕಿರಿದಾದ ಪಟ್ಟಿ. ಮರಳು ಮುರಕಲ್ಲಿಗಿಂತ ಚೆನ್ನಾಗಿ ಸೋಸುತ್ತದೆ ನಿಜ. ಆದರೆ ನೀರು ಕೆಲವೇ ಅಡಿ ಆಳದಲ್ಲಿರುತ್ತದೆ, ಮನೆಗಳು ಒತ್ತೊತ್ತಾಗಿವೆ, ಬೇಸಗೆಯಲ್ಲಿ ಸಿಹಿನೀರು ಹೆಚ್ಚು ಎತ್ತಿದರೆ ಉಪ್ಪುನೀರು ಒಳನುಗ್ಗುತ್ತದೆ. ಇಂಥ ಊರುಗಳಿಗೆ ಪ್ರತಿ ಮನೆಯಲ್ಲೂ ಗುಂಡಿ, ಪ್ರತಿ ಮನೆಯಲ್ಲೂ ಬಾವಿ ಎಂಬ ಏರ್ಪಾಟು ಹೊಂದುವುದಿಲ್ಲ. ಹೊರಗಿನಿಂದ ನಳ್ಳಿ ನೀರು ತರಬೇಕು, ಕೊಳಕನ್ನು ಒಂದೆಡೆ ಕೂಡಿಸಿ ಸಂಸ್ಕರಿಸಬೇಕು.

ಬಾವಿಗೆ ಬ್ಲೀಚಿಂಗ್ ಪೌಡರ್

ನೆರೆ ಇಳಿದ ಮೇಲೆ, ಅಥವಾ ಊರಿನಲ್ಲಿ ವಾಂತಿ-ಭೇದಿ ಕಾಣಿಸಿಕೊಂಡಾಗ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. 2020ರ ಸೆಪ್ಟೆಂಬರ್ 20ರಂದು ರಾತ್ರಿ ಬೆಳಗಾಗುವುದರೊಳಗೆ ಉಡುಪಿ ನಗರದ ತಗ್ಗು ಪ್ರದೇಶಗಳೂ ಸುತ್ತಲಿನ ಹಳ್ಳಿಗಳೂ ಮುಳುಗಿದಾಗ ನೆರೆನೀರು ಬಾವಿಕಟ್ಟೆಗಳನ್ನು ದಾಟಿ ಒಳಗೆ ಇಳಿದಿತ್ತು. ಅಂಥ ಹೊತ್ತಿನಲ್ಲಿ ಎಷ್ಟು ಪೌಡರ್, ಹೇಗೆ ಹಾಕಬೇಕು ಎಂಬುದು ಪ್ರತಿ ಮನೆಯವರಿಗೂ ತಿಳಿದಿರಬೇಕಾದ ವಿಷಯ.

ಮೊದಲು ಬಾವಿಯಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಬೇಕು. ಬಾವಿಯ ವ್ಯಾಸವನ್ನು ಮೀಟರ್‌ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ ನೀರು ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. ಒಂದು ಘನ ಮೀಟರ್ ಎಂದರೆ 1,000 ಲೀಟರ್. ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 19,600 ಲೀಟರ್. ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಈ ಬಾವಿಗೆ ಹೆಚ್ಚುಕಡಿಮೆ 50 ಗ್ರಾಂ. ನೆರೆಯಿಂದ ನೀರು ಕದಡಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ, ಅದನ್ನು ಆರೋಗ್ಯ ಕಾರ್ಯಕರ್ತರು ನೀರು ಪರೀಕ್ಷಿಸಿ ಹೇಳುತ್ತಾರೆ.

ಪೌಡರನ್ನು ನೇರವಾಗಿ ಬಾವಿಗೆ ಎರಚುವುದು ತಪ್ಪು ಪದ್ಧತಿ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ, ಐದು ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿಕೊಂಡು, ಅದನ್ನು ಬಾವಿಯ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ, ಅತ್ತ ಇತ್ತ ಆಡಿಸಬೇಕು. ಸುಣ್ಣದ ಗಸಿಯನ್ನು ಬಾವಿಗೆ ಹಾಕಿದರೆ ನೀರು ಗಡುಸಾಗುತ್ತದೆ. ಕನಿಷ್ಠ ಒಂದು ಗಂಟೆ ಆ ನೀರನ್ನು ಮುಟ್ಟಬಾರದು. ರಾತ್ರಿ ಹಾಕಿ ಬೆಳಗ್ಗೆ ಸೇದುವುದು ಎಲ್ಲಕ್ಕಿಂತ ಅನುಕೂಲ. ಕ್ಲೋರಿನ್ ವಾಸನೆಗೆ ಬೇಸರಪಟ್ಟು ಆಶಾ ಕಾರ್ಯಕರ್ತೆಯರನ್ನು ಗೇಟಿನಿಂದಲೇ ಹಿಂದೆ ಕಳಿಸುವ ಮನೆಗಳಿವೆ. ಆ ವಾಸನೆ ಒಂದೆರಡು ದಿನದಲ್ಲಿ ಹೋಗುತ್ತದೆ. ಟೈಫಾಯ್ಡ್ ವಾರಗಟ್ಟಲೆ ಹಾಸಿಗೆ ಹಿಡಿಸುತ್ತದೆ.

ಜೀರಿಗೆ ಅಥವಾ ಲಾವಂಚ ಹಾಕಿ ಕುದಿಸಿದ ನೀರನ್ನೇ ಕುಡಿಯುವ ರೂಢಿ ಕರಾವಳಿಯ ಅನೇಕ ಮನೆಗಳಲ್ಲಿ ಈಗಲೂ ಇದೆ. ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೂ ರೋಗಾಣುಗಳು ಸಾಯುತ್ತವೆ. ಹೋಟೆಲುಗಳಲ್ಲಿ, ಮದುವೆಮನೆಗಳಲ್ಲಿ ನಡೆಯುವಂತೆ ಕುದಿಸಿದ ನೀರಿಗೆ ಕುದಿಸದ ತಣ್ಣೀರು ಬೆರೆಸುವುದು ಕುದಿಸಿದ ಪ್ರಯೋಜನವನ್ನೆಲ್ಲ ಕಳೆಯುತ್ತದೆ.

ತಲೆಯ ಮೇಲಿನ ಹೊರೆ ಇಳಿದದ್ದು

ನೈರ್ಮಲ್ಯದ ಚರಿತ್ರೆಯಲ್ಲಿ ಉಡುಪಿಗೆ ಹೆಮ್ಮೆಪಡುವಂಥ ಒಂದು ಅಧ್ಯಾಯವಿದೆ. 1968ರಲ್ಲಿ, ಇಪ್ಪತ್ತೆಂಟರ ಹರೆಯದ ವೈದ್ಯ ಡಾ. ವಿ.ಎಸ್. ಆಚಾರ್ಯ ಉಡುಪಿ ಪುರಸಭೆಯ ಅಧ್ಯಕ್ಷರಾದರು. ಮಣಿಪಾಲದಲ್ಲೇ ವೈದ್ಯಕೀಯ ಓದಿದವರು ಅವರು. ಆಗ ಪೇಟೆಯ ಮನೆಗಳಲ್ಲಿದ್ದವು ಒಣ ಕಕ್ಕಸುಗಳು. ಅವನ್ನು ಬಳಿದು, ಮಲವನ್ನು ಬಕೆಟಿನಲ್ಲಿ ತಲೆಯ ಮೇಲೆ ಹೊತ್ತು ಊರ ಹೊರಗೆ ಸಾಗಿಸುವುದು ಕೆಲವು ಸಮುದಾಯಗಳ ಪಾಲಿಗೆ ಹುಟ್ಟಿನಿಂದ ಬಂದ ಕೆಲಸವಾಗಿತ್ತು. ಆಚಾರ್ಯರ ಅವಧಿಯಲ್ಲಿ ಉಡುಪಿ ಪುರಸಭೆ ಈ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲೇ ಮೊದಲಿಗೆ ಹೀಗೆ ಮಾಡಿದ ಪುರಸಭೆ ಎಂಬ ಕೀರ್ತಿ ಉಡುಪಿಗೆ ಸಲ್ಲುತ್ತದೆ. ಕೆಲವೇ ವರ್ಷಗಳಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಇಡೀ ರಾಜ್ಯದಲ್ಲಿ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. ಇನ್ನೂ ಬಿಗಿಯಾದ ಎರಡನೆಯ ಕಾಯಿದೆ 2013ರಲ್ಲಿ. ಮೊದಲ ಕಾಯಿದೆ ಬಂದ ಎಷ್ಟೋ ವರ್ಷಗಳ ಮೇಲೂ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಬವಣೆಗೆ ಕಣ್ಣು ತೆರೆಯಿಸಲು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಕಾಯಿದೆ ಮಾಡುವುದಕ್ಕಿಂತ ಮೊದಲು ಮಾಡಿ ತೋರಿಸಿದ ಉಡುಪಿಯ ಕೆಲಸದ ಬೆಲೆ ಇದರಿಂದ ತಿಳಿಯುತ್ತದೆ.

ಆ ಹೊರೆ ಹೊತ್ತವರಲ್ಲಿ ಕರಾವಳಿಯ ಮೂಲನಿವಾಸಿಗಳಾದ ಕೊರಗರೂ ಇದ್ದರು. ಪೌರಕಾರ್ಮಿಕರಲ್ಲಿ ಇಂದಿಗೂ ಈ ಸಮುದಾಯದವರಿದ್ದಾರೆ. ಕೊರಗರನ್ನು ಅಮಾನವೀಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ರಾಜ್ಯ ಸರಕಾರ 2000ದಲ್ಲಿ ಪ್ರತ್ಯೇಕ ಕಾಯಿದೆಯ ಮೂಲಕ ನಿಷೇಧಿಸಿತು. ಊರಿನ ಆರೋಗ್ಯ ಕಾಯುವವರ ಆರೋಗ್ಯ ಮಾತ್ರ ಇನ್ನೂ ಯಾರ ಲೆಕ್ಕಕ್ಕೂ ಸರಿಯಾಗಿ ಬಂದಿಲ್ಲ. ಗಮ್‌ಬೂಟು, ಕೈಗವಸು ಕೊಟ್ಟರೆ ಸಾಲದು. ಮಳೆಯಲ್ಲಿ ತೊಯ್ದವರಿಗೆ ಬಿಸಿನೀರಿನ ಸ್ನಾನದ ಮನೆ, ಬಟ್ಟೆ ಬದಲಿಸುವ ಕೋಣೆ, ಕ್ರಮವಾದ ವೈದ್ಯಕೀಯ ತಪಾಸಣೆ, ಖಾಯಂ ನೌಕರಿ ಬೇಕು. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು ಅಪರಾಧ ಎಂಬುದನ್ನು ಖಾಸಗಿ ವಸತಿ ಸಮುಚ್ಚಯಗಳವರೂ ನೆನಪಿಡಬೇಕು. ಗುಂಡಿಯೊಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲೇ ಪ್ರಾಣ ತೆಗೆಯಬಲ್ಲದು.

ಇಂದ್ರಾಣಿ, ಸ್ವರ್ಣಾ

ಒಣ ಕಕ್ಕಸುಗಳು ಹೋದ ಮೇಲೆ ಉಡುಪಿ ಪೇಟೆಗೆ ಒಳಚರಂಡಿ ಬಂತು, ನಿಟ್ಟೂರಿನಲ್ಲಿ ಕೊಳಚೆ ನೀರು ಸಂಸ್ಕರಣಾ ಘಟಕ ಬಂತು. ಆದರೆ ಕೊಳವೆ ಹಾಯ್ದದ್ದು ಹಳೆಯ ಪೇಟೆಯ ಭಾಗಕ್ಕೆ ಮಾತ್ರ. ನಗರ ಬೆಳೆದದ್ದು ಅದರಾಚೆಗೆ. ಉಡುಪಿ ನಗರಸಭೆಯ ವ್ಯಾಪ್ತಿಯಲ್ಲೇ ಇರುವ ಮಣಿಪಾಲದ ಗುಡ್ಡದ ಮೇಲೆ ವಿದ್ಯಾರ್ಥಿನಿಲಯಗಳು, ವಸತಿ ಸಮುಚ್ಚಯಗಳು ಎದ್ದವು. ತಗ್ಗಿನ ಬೈಲುಗಳಲ್ಲಿ ಮಣ್ಣು ತುಂಬಿ ಮನೆ, ಹೋಟೆಲು ಕಟ್ಟಿದರು. ಗದ್ದೆಯ ನೀರು ಹರಿಯುತ್ತಿದ್ದ ತೋಡುಗಳು ಚರಂಡಿಗಳಾದವು.

ಇದರ ಫಲ ಕಣ್ಣಿಗೆ ಕಾಣುವುದು ಇಂದ್ರಾಣಿ ಹೊಳೆಯಲ್ಲಿ. ಇಂದ್ರಾಳಿಯ ಕಡೆಯಿಂದ ಹೊರಟು, ಕಲ್ಸಂಕದಲ್ಲಿ ನಗರದ ನಡುವೆ ಹಾದು, ನಿಟ್ಟೂರು, ಕೊಡವೂರು, ಕಲ್ಮಾಡಿಯ ಕಡೆ ಸಾಗಿ ಕಡಲು ಸೇರುವ ಈ ಚಿಕ್ಕ ಹೊಳೆ ಒಂದು ಕಾಲದಲ್ಲಿ ಗದ್ದೆಗಳಿಗೆ ನೀರುಣಿಸುತ್ತಿತ್ತು. ಈಗ ನಗರದ ಕೊಳಚೆ ಅದರಲ್ಲಿ ಹರಿಯುತ್ತದೆ. ದಡದ ಬಾವಿಗಳ ನೀರು ಕೆಟ್ಟಿದೆ ಎಂದು ನಿಟ್ಟೂರಿನಿಂದ ಕೆಳಗಿನ ಊರುಗಳವರು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಕೃಷ್ಣ ಮಠದ ಪರ್ಯಾಯದಂಥ ಉತ್ಸವಕ್ಕೆ ಎರಡು ವರ್ಷಕ್ಕೊಮ್ಮೆ ಜನಸಾಗರ ಸೇರುವ, ವರ್ಷವಿಡೀ ಯಾತ್ರಿಕರು ಬರುವ ನಗರವಿದು. ಅತಿಥಿಗಳ ಕೊಳಕನ್ನು ಕೆಳಗಿನ ಊರಿನ ಬಾವಿಗೆ ಕಳಿಸಿ ಮೇಲಿನ ಊರು ಚೊಕ್ಕಟವಾಗಿರುವುದು ನ್ಯಾಯವಲ್ಲ. ರಸ್ತೆ ಅಗಲಗೊಳಿಸುವುದಕ್ಕಿಂತ, ವೃತ್ತಗಳನ್ನು ಸಿಂಗರಿಸುವುದಕ್ಕಿಂತ ಮೊದಲು ಉಡುಪಿ ನಗರಸಭೆಯ ಹಣ ಹೋಗಬೇಕಾದದ್ದು ಈ ಒಳಚರಂಡಿಯನ್ನು ಪೂರ್ಣಗೊಳಿಸುವುದಕ್ಕೆ.

ನಗರ ಕುಡಿಯುವುದು ಸ್ವರ್ಣಾ ನದಿಯ ನೀರು. ಹಿರಿಯಡಕದ ಸಮೀಪದ ಬಜೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರನ್ನು ಶುದ್ಧೀಕರಿಸಿ ಉಡುಪಿ, ಮಣಿಪಾಲಕ್ಕೆ ಕೊಡಲಾಗುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಬತ್ತಿ, ಹೊಳೆಯ ಮೇಲ್ಭಾಗದ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪಿನಿಂದ ಎತ್ತಿ ತರಬೇಕಾಯಿತು. ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ನಾಡಿಗೆ ಟ್ಯಾಂಕರ್ ನೀರು! ವಾರಾಹಿ ನದಿಯಿಂದ ನಗರಕ್ಕೆ ನೀರು ತರುವ ಯೋಜನೆಗೆ ಒತ್ತು ಬಂದದ್ದು ಇಂಥ ಬೇಸಗೆಗಳಿಂದ. ನೀರಿನ ಕೊರತೆಯೂ ನೈರ್ಮಲ್ಯದ ಸಮಸ್ಯೆಯೇ. ಎರಡು ದಿನಕ್ಕೊಮ್ಮೆ ನಳ್ಳಿ ಬಂದರೆ ಜನ ಡ್ರಮ್ಮುಗಳಲ್ಲಿ ನೀರು ತುಂಬಿಡುತ್ತಾರೆ, ಡ್ರಮ್ಮುಗಳಲ್ಲಿ ಸೊಳ್ಳೆ ಹುಟ್ಟುತ್ತದೆ. ಖಾಲಿ ಕೊಳವೆಯ ಬಿರುಕಿನಿಂದ ಚರಂಡಿಯ ನೀರು ಒಳಕ್ಕೆ ಎಳೆಯಲ್ಪಡುತ್ತದೆ.

ಇದೇ ಸ್ವರ್ಣಾ ಮೇಲ್ಭಾಗದಲ್ಲಿ ಕಾರ್ಕಳ ತಾಲೂಕಿನ ಮೂಲಕ ಹರಿದು ಬರುತ್ತದೆ. ಮುಂಡ್ಲಿಯಲ್ಲಿ ಅದರ ನೀರನ್ನು ಕಾರ್ಕಳ ಪೇಟೆ ಬಳಸುತ್ತದೆ. ಆದ್ದರಿಂದ ಕಾರ್ಕಳದ ಒಳಚರಂಡಿ ಕಾರ್ಕಳದವರ ವಿಷಯವಷ್ಟೇ ಅಲ್ಲ. ಅಲ್ಲಿ ಹೊಳೆಗೆ ಸೇರಿದ್ದು ಇಲ್ಲಿ ಬಜೆಯ ಶುದ್ಧೀಕರಣ ಘಟಕದ ಮುಂದೆ ಬಂದು ನಿಲ್ಲುತ್ತದೆ. ಪೇಟೆಯ ಆನೆಕೆರೆ, ರಾಮಸಮುದ್ರಗಳು ಸುತ್ತಲಿನ ಬಾವಿಗಳ ನೀರಿನ ಮಟ್ಟ ಕಾಯುವ ಕೆರೆಗಳು. ಅವುಗಳಿಗೆ ಚರಂಡಿ ಸೇರದಂತೆ ತಡೆಯುವುದು ನೂರಾರು ಬಾವಿಗಳನ್ನು ಉಳಿಸಿದಂತೆ.

ನಳ್ಳಿ ನೀರು ಎಂದೊಡನೆ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಬೈಂದೂರು ತಾಲೂಕಿನ ಉಪ್ಪುಂದ ಗ್ರಾಮದಲ್ಲಿ ಕುಡಿಯುವ ನೀರು ಕೆಟ್ಟು ನೂರಾರು ಜನ ವಾಂತಿ-ಭೇದಿಯಿಂದ ನರಳಿದರು. ಬಾವಿ ಕೆಟ್ಟರೆ ಒಂದು ಮನೆಗೆ ಕಾಯಿಲೆ ಬಂದೀತು; ಊರಿನ ಟ್ಯಾಂಕಿ ಕೆಟ್ಟರೆ ಊರಿಗೇ ಬರುತ್ತದೆ. ಟ್ಯಾಂಕಿಯನ್ನು ತೊಳೆದ ದಿನಾಂಕವನ್ನು ಅದರ ಮೈಮೇಲೆ ಬರೆಯುವ, ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಪ್ರತಿದಿನ ನೋಡುವ ನೀರುಗಂಟಿ ಆ ಊರಿನ ಬಹು ಮುಖ್ಯ ಆರೋಗ್ಯ ಕಾರ್ಯಕರ್ತ. ಅವನಿಗೆ ಸಿಗುವ ಸಂಬಳವೂ ತರಬೇತಿಯೂ ಅದಕ್ಕೆ ತಕ್ಕಂತಿರಬೇಕು.

ವಂಡ್ಸೆಯಿಂದ ನಿಟ್ಟೆಗೆ

ಕಸದ ವಿಷಯದಲ್ಲಿ ಉಡುಪಿ ಜಿಲ್ಲೆಯ ಹಳ್ಳಿಗಳು ನಗರಕ್ಕಿಂತ ಮುಂದೆ ಹೋಗಿವೆ ಎಂದರೆ ತಪ್ಪಾಗದು. ಉಡುಪಿ ನಗರದ ಕಸ ಹೋಗುವುದು ಅಲೆವೂರಿನ ಕರ್ವಾಲಿನಲ್ಲಿರುವ ವಿಲೇವಾರಿ ಜಾಗಕ್ಕೆ. ಹಳ್ಳಿಗಳಿಗೆ ಬೇರೆ ದಾರಿ ತೋರಿಸಿದ್ದು ಕುಂದಾಪುರ ತಾಲೂಕಿನ ವಂಡ್ಸೆ ಗ್ರಾಮ ಪಂಚಾಯತ್. ತಮಿಳುನಾಡಿನ ವೆಲ್ಲೂರಿನ ಸಿ. ಶ್ರೀನಿವಾಸನ್ ರೂಪಿಸಿದ ಮಾದರಿಯನ್ನು ಅನುಸರಿಸಿ ಅಲ್ಲಿ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣಾ ಘಟಕ ಆರಂಭವಾಯಿತು. ಮಹಿಳೆಯರು ಮನೆಮನೆಯಿಂದ ಹಸಿ ಕಸ, ಒಣ ಕಸವನ್ನು ಬೇರೆಬೇರೆಯಾಗಿ ತಂದು, ಹಸಿಯದನ್ನು ಗೊಬ್ಬರ ಮಾಡಿ, ಒಣದನ್ನು ಬಗೆಬಗೆಯಾಗಿ ವಿಂಗಡಿಸಿ ಮಾರುವ ಕ್ರಮವಿದು. ಜಿಲ್ಲೆಯ ಬೇರೆ ಪಂಚಾಯತ್‌ಗಳೂ ಇದನ್ನು ಹಿಡಿದವು.

ವಿಂಗಡಿಸಿದ ಒಣ ಕಸವನ್ನು ಕೊಳ್ಳುವವರು ಸಿಗದಿದ್ದಾಗ ಚಿಕ್ಕ ಪಂಚಾಯತ್ ಸೋಲುತ್ತದೆ. ಹಾಲಿನ ತೊಟ್ಟೆಗೆ, ಬಾಟಲಿಗೆ ಬೆಲೆಯಿದೆ. ಚಿಪ್ಸ್ ಪೊಟ್ಟಣ, ಹಳೆಯ ಚಪ್ಪಲಿ, ಹರಿದ ಬಟ್ಟೆಗೆ ಇಲ್ಲ. ಈ ತೊಡಕಿಗೆ ಉತ್ತರವಾಗಿ 2021ರಲ್ಲಿ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಸಮಗ್ರ ಘನ ತ್ಯಾಜ್ಯ ನಿರ್ವಹಣಾ ಘಟಕ ಬಂತು. ಗ್ರಾಮೀಣ ಕರ್ನಾಟಕದಲ್ಲಿ ಈ ಬಗೆಯ ಮೊದಲ ಘಟಕ ಇದು. ಸುತ್ತಲಿನ ಹತ್ತಾರು ಗ್ರಾಮ ಪಂಚಾಯತ್‌ಗಳ ಒಣ ಕಸ ಇಲ್ಲಿಗೆ ಬರುತ್ತದೆ. ಚಲಿಸುವ ಬೆಲ್ಟಿನ ಇಕ್ಕೆಲಗಳಲ್ಲಿ ನಿಂತ ಕೆಲಸಗಾರರು ಅದನ್ನು ವಿಂಗಡಿಸುತ್ತಾರೆ, ಯಂತ್ರ ಅದನ್ನು ಒತ್ತಿ ಬೇಲು ಕಟ್ಟುತ್ತದೆ. ಮರುಬಳಕೆಗೆ ಆಗುವುದು ಕಾರ್ಖಾನೆಗಳಿಗೆ, ಆಗದ ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಗಳಿಗೆ ಉರುವಲಾಗಿ ಹೋಗುತ್ತದೆ. ಸಣ್ಣ ಪಂಚಾಯತ್‌ಗಳ ಕಸ ಒಟ್ಟುಗೂಡಿದಾಗ ಬೆಲೆ ಕುದುರುತ್ತದೆ ಎಂಬ ಸರಳ ಲೆಕ್ಕ ಇದರ ಹಿಂದಿದೆ.

ಕಾಪು ತಾಲೂಕಿನ ಪಡುಬಿದ್ರಿ ಕಡಲತೀರಕ್ಕೆ 2020ರ ಅಕ್ಟೋಬರ್‌ನಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಹೊನ್ನಾವರದ ಕಾಸರಕೋಡಿಗೂ ಅದೇ ಸಲ ಸಿಕ್ಕಿತ್ತು. ನೀರಿನ ಶುದ್ಧತೆ, ಶೌಚಾಲಯ, ಕಸದ ವಿಲೇವಾರಿ, ಸುರಕ್ಷತೆ ಮೊದಲಾದ 33 ಅಂಶಗಳನ್ನು ಪರೀಕ್ಷಿಸಿ ಕೊಡುವ ಮಾನ್ಯತೆ ಇದು. ಪ್ರವಾಸಿಗರಿಗಾಗಿ ಒಂದು ತುಂಡು ಕಡಲತೀರವನ್ನು ಹೀಗೆ ಕಾಪಾಡಲು ಸಾಧ್ಯವೆಂದಾದರೆ, ಮೀನುಗಾರರ ಮನೆಗಳ ಮುಂದಿನ ತೀರವನ್ನೂ ಕಾಪಾಡಲು ಸಾಧ್ಯ.

ಆಟಿಯ ಜ್ವರಗಳು

ತುಳುವರ ಆಟಿ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹಿಂದೆ ಹಸಿವಿನ ಹಾಗೂ ಕಾಯಿಲೆಯ ತಿಂಗಳು. ಊರಿಗೆ ಬಂದ ಮಾರಿಯನ್ನು ಕಳೆಯಲು ಆಟಿ ಕಳೆಂಜ ಎಂಬ ವೇಷಧಾರಿ ಮನೆಮನೆಗೆ ಬರುತ್ತಿದ್ದ. ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಬಾರಿ ನಡೆಯುವ ಮಾರಿಪೂಜೆಗಳಲ್ಲಿ ಒಂದು ಆಟಿಯದೇ. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿಯುವ ರೂಢಿ ಈಗಲೂ ಬಲವಾಗಿದೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದಂಥ ವಿಷದ ಮರದ ಕೆತ್ತೆ ತಂದರೆ ಜೀವಕ್ಕೇ ಅಪಾಯ. ಮರವನ್ನು ಹಿಂದಿನ ದಿನದ ಬೆಳಕಿನಲ್ಲೇ ಗುರುತು ಮಾಡಿಟ್ಟುಕೊಳ್ಳಬೇಕು.

ಇಂದು ಈ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲಿ ಜ್ವರದ ಬಗ್ಗೆ. ರಾಜ್ಯದಲ್ಲಿ ಇದು ಹೆಚ್ಚಾಗಿ ಕಾಣಿಸುವುದು ಉಡುಪಿ ಹಾಗೂ ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ. ಇಲಿ, ಹೆಗ್ಗಣ, ದನಕರುಗಳ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ನಿಂತ ನೀರಿಗೆ, ಕೆಸರಿಗೆ ಸೇರಿ, ಕಾಲಿನ ಸಣ್ಣ ಗಾಯ, ಬಿರುಕುಗಳ ಮೂಲಕ ಮೈಗೆ ಹೊಗುತ್ತದೆ. ಗದ್ದೆಯಲ್ಲಿ ನೇಜಿ ನೆಡುವವರು, ಅಡಿಕೆ ತೋಟದಲ್ಲಿ ದುಡಿಯುವವರು, ಹಟ್ಟಿ ಬಾಚುವವರು, ಚರಂಡಿ ಶುಚಿ ಮಾಡುವವರು ಇದಕ್ಕೆ ತುತ್ತಾಗುತ್ತಾರೆ. ಜೋರು ಜ್ವರ, ಮೀನಖಂಡದಲ್ಲಿ ಮುಟ್ಟಲಾಗದ ನೋವು, ಕೆಂಪಾದ ಕಣ್ಣು ಇದರ ಗುರುತು. ಮೊದಲ ದಿನಗಳಲ್ಲೇ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಸಿಕ್ಕರೆ ಗುಣವಾಗುವ ಈ ಜ್ವರ, ತಡವಾದರೆ ಕಾಮಾಲೆಗೆ, ಮೂತ್ರಪಿಂಡದ ವೈಫಲ್ಯಕ್ಕೆ ತಿರುಗುತ್ತದೆ. ಕೆಸರಿನಲ್ಲಿ ದುಡಿಯುವವರು ಜ್ವರ ಬಂದಾಗ ವೈದ್ಯರಿಗೆ ತಮ್ಮ ಕೆಲಸ ಏನೆಂದು ಮೊದಲು ಹೇಳಬೇಕು. ಆ ಒಂದು ಮಾತು ರೋಗ ಬೇಗ ಗುರುತಿಸಲು ನೆರವಾಗುತ್ತದೆ. ಅಪಾಯವಿರುವ ದಿನಗಳಲ್ಲಿ ಮುಂಜಾಗ್ರತೆಯಾಗಿ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯೂ ಇದೆ. ಅದನ್ನು ವೈದ್ಯರ ಸಲಹೆಯಂತೆ ಮಾತ್ರ ತೆಗೆದುಕೊಳ್ಳಬೇಕು.

ಸೊಳ್ಳೆಗಳಲ್ಲಿ ಮೂರು ಬಗೆಯವನ್ನು ಬೇರೆಬೇರೆಯಾಗಿ ತಿಳಿಯಬೇಕು. ಮಲೇರಿಯಾ ಹರಡುವ ಪಟ್ಟಣದ ಅನಾಫಿಲಿಸ್ ಸೊಳ್ಳೆಗೆ ತಿಳಿನೀರು ಬೇಕು: ಬಾವಿ, ಮುಚ್ಚಳವಿಲ್ಲದ ಟ್ಯಾಂಕಿ, ಕಟ್ಟಡ ಕೆಲಸದ ಕಡೆ ನಿಂತ ನೀರು. ಹಿಂದೆ ಮಲ್ಪೆ ಬಂದರಿನ ಸುತ್ತಮುತ್ತ ಮಲೇರಿಯಾ ಹೆಚ್ಚಾಗಿತ್ತು. ಡೆಂಗಿ ಹರಡುವ ಈಡಿಸ್‌ಗೆ ಒಂದು ಗೆರಟೆಯಷ್ಟು ನೀರಿದ್ದರೂ ಸಾಕು. ಕಾರ್ಕಳದ ಕಡೆ ರಬ್ಬರ್ ಹಾಲು ಹಿಡಿಯುವ ಕಪ್ಪುಗಳು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಬಂದರಿನಲ್ಲಿ ದೋಣಿಗಳಿಗೆ ಕಟ್ಟುವ ಹಳೆಯ ಟಯರು ಇದರ ತವರು. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಮಾತ್ರ ಚರಂಡಿಯ, ಶೌಚಗುಂಡಿಯ ಕೊಳಕು ನೀರಿನಲ್ಲಿ ಹುಟ್ಟುತ್ತದೆ. ಉಡುಪಿ ಆನೆಕಾಲು ರೋಗ ಬಹುಕಾಲ ನೆಲೆಸಿದ್ದ ಜಿಲ್ಲೆ. ಇಡೀ ಜನರಿಗೆ ಮಾತ್ರೆ ನುಂಗಿಸುವ ಅಭಿಯಾನಗಳಿಂದ ಅದು ಹಿಂಜರಿಯಿತು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಒಣಗಿಸುವುದು, ಶೌಚಗುಂಡಿಯ ಗಾಳಿ ಕೊಳವೆಯ ಬಾಯಿಗೆ ಬಲೆ ಕಟ್ಟುವುದು, ಬಾವಿಗೆ ಗಪ್ಪಿ ಮೀನು ಬಿಡುವುದು ಹೊಗೆ ಹಾಕಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತವೆ.

ಆಸ್ಪತ್ರೆಗಳಿರುವ ಜಿಲ್ಲೆ

ಚಿಕಿತ್ಸೆಯ ವಿಷಯದಲ್ಲಿ ಉಡುಪಿ ಭಾಗ್ಯವಂತ ಜಿಲ್ಲೆ. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಇಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗದಲ್ಲಿ ಹೆಂಗಸರ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆ ನಡೆದುಬಂತು. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ 1961ರಲ್ಲಿ ಬಂತು. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನ ರೋಗಿಗಳಲ್ಲಿ ನಿಪಾ ವೈರಸ್ಸನ್ನು ಮೊದಲು ಗುರುತಿಸಿದ್ದು ಮಣಿಪಾಲದ ವೈರಸ್ ಪ್ರಯೋಗಾಲಯ. ಮರುವರ್ಷ ಶಿವಮೊಗ್ಗದ ಕಡೆ ಮಂಗನ ಕಾಯಿಲೆ ಹಬ್ಬಿದಾಗ ರೋಗಿಗಳು ಘಟ್ಟ ಇಳಿದು ಬಂದದ್ದೂ ಮಣಿಪಾಲಕ್ಕೆ.

ಆದರೆ ಆಸ್ಪತ್ರೆಗೆ ಬರುವವರು ಬಾವಿ ಕೆಟ್ಟ ಮೇಲೆ ಬರುತ್ತಾರೆ. ಇಲಿ ಜ್ವರದಿಂದ ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಮಾಡುವುದರಲ್ಲಿ ನಿಪುಣವಾದ ಜಿಲ್ಲೆ, ಶೌಚಗುಂಡಿಯ ಕೆಸರು ತೋಡಿಗೆ ಸುರಿಯದಂತೆ ನೋಡಿಕೊಳ್ಳುವುದರಲ್ಲೂ ಅಷ್ಟೇ ನಿಪುಣವಾಗಬೇಕು. ಮೊದಲನೆಯದಕ್ಕಿಂತ ಎರಡನೆಯದು ಅಗ್ಗ, ಎರಡನೆಯದರಿಂದ ಉಪಯೋಗ ಪಡೆಯುವವರೂ ಹೆಚ್ಚು. ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಒಂದೇ ಗುಡ್ಡದ ಮೇಲಿರುವಾಗ, ಮುರಕಲ್ಲಿನ ನೆಲಕ್ಕೂ ಕರಾವಳಿಯ ಮಳೆಗೂ ಹೊಂದುವ ಶೌಚಗುಂಡಿಯ ಮಾದರಿಯೊಂದು ಇಲ್ಲಿಂದಲೇ ಹೊರಬರಬೇಕು ಎಂದು ಜನ ನಿರೀಕ್ಷಿಸುವುದು ಸಹಜ.

ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಟಿದೆ. ಮಲದ ಅಂಶವಿರುವ ನೀರನ್ನು ಪರೀಕ್ಷೆಯ ಪುಟ್ಟ ಬಾಟಲಿಗೆ ತುಂಬಿಟ್ಟರೆ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ, ನಿಮ್ಮ ಬಾವಿಯ ನೀರನ್ನು ಪರೀಕ್ಷಿಸಿ ಕೊಡುವಂತೆ ಗ್ರಾಮ ಪಂಚಾಯತ್‌ನಲ್ಲಿ ಕೇಳಿ. ನೀರು ಕಪ್ಪಾದರೆ ಪಕ್ಕದ ಮನೆಯವರಿಗೂ ತಿಳಿಸಿ.